ಇದು ನನ್ನದೇ ಧ್ವನಿ

ಪೀಪಿ ಬಾಗಿಲು ತೆಗೆದಾಗ ಅಪ್ಪ ಅಡುಗೆಮನೆಯ ನೆಲದ ಮೇಲಿದ್ದ. ಬೆನ್ನನ್ನು ಗೋಡೆಗೆ ಆನಿಸಿ, ಕಾಲು ನೀಡಿ, ಫೋನನ್ನು ಎದೆಗೆ ಒತ್ತಿ ಹಿಡಿದು ಕೂತಿದ್ದ. ಬಿದ್ದೆ ಅಂತ ಅವನು ಹೇಳಲಿಲ್ಲ. ನೆಲ ತಂಪಾಗಿತ್ತು, ಕೂತೆ ಅಂದ. ಆದರೆ ಮೊಣಕೈ ತರಚಿ ರಕ್ತ ಹೆಪ್ಪುಗಟ್ಟಿತ್ತು, ಚೆಲ್ಲಿದ ಚಹಾ ಒಣಗಿ ನೆಲಕ್ಕೆ ಅಂಟಿತ್ತು, ಪ್ಯಾಂಟು ಒದ್ದೆಯಾಗಿತ್ತು. ಬೆಳಗ್ಗೆ ಅವಳು ಕೆಲಸಕ್ಕೆ ಹೊರಟ ಸ್ವಲ್ಪ ಹೊತ್ತಿಗೇ ಬಿದ್ದಿರಬೇಕು. ಆಗಿನಿಂದ ಸಂಜೆಯವರೆಗೆ ಅವನು ಮೂರನೇ ಗುಂಡಿ ಒತ್ತುತ್ತಲೇ ಇದ್ದ. ಮೂರು ಅಂದರೆ ಮಗಳು. ಫೋನು ಪ್ರತಿ ಸಲವೂ ಒಂದೇ ಥರ ಕುಂಯ್ ಅಂದು ಸುಮ್ಮನಾಗುತ್ತಿತ್ತು.

"ಸಿಗ್ನಲ್ ಇಲ್ಲಪ್ಪ," ಎಂದಳು ಪೀಪಿ, ಪರದೆ ತೋರಿಸುತ್ತಾ.

"ತೋರಿಸು, ತೋರಿಸು. ನಂಗೆ ಚೆನ್ನಾಗಿ ಕಾಣುತ್ತೆ," ಅಂದ ಅಪ್ಪ.

ಅಪ್ಪ ಲೇತ್ ಮೇಲೆ ಕೆಲಸ ಮಾಡಿದವನು. ಕಬ್ಬಿಣದ ಸರಳನ್ನು ಕಡೆದು, ಮೇಲೆ ಹೆಬ್ಬೆರಳು ಆಡಿಸಿ, ಕೂದಲೆಳೆಯಷ್ಟು ಹೆಚ್ಚಿದೆ ಎಂದು ಮತ್ತೆ ಯಂತ್ರಕ್ಕೆ ಕೊಡುತ್ತಿದ್ದ. ಸಕ್ಕರೆ ಕಾಯಿಲೆ ಮೊದಲು ಒಂದು ಕಣ್ಣು ತಿಂದಿತು, ಆಮೇಲೆ ಇನ್ನೊಂದು. ಬೆರಳು ಉಳಿದವು. ಆ ಬೆರಳುಗಳನ್ನು ನಂಬಿ ಅಮ್ಮ ಗುಂಡಿಗಳಿರುವ ಈ ಫೋನನ್ನು ತನ್ನ ಹೆಸರಿನಲ್ಲಿ, ಕಂತಿನ ಮೇಲೆ ಅವನಿಗೆ ತಂದುಕೊಟ್ಟಿದ್ದಳು. ಗುಂಡಿಗಳ ಮೇಲೆ ಉಗುರುಬಣ್ಣದ ಹನಿ ಇಟ್ಟು, ಒಣಗಿಸಿ, ಅದರ ಮೇಲೆ ಮತ್ತೊಂದು ಹನಿ ಇಟ್ಟು, ಸಾಸಿವೆ ಕಾಳಿನಂಥ ಉಬ್ಬುಗಳನ್ನು ಮಾಡಿದ್ದಳು. ಎರಡನೇ ಗುಂಡಿಯ ಮೇಲೆ ಒಂದೇ ಉಬ್ಬು, ಅದು ಅಮ್ಮ. ಮೂರರ ಮೇಲೆ ಜೋಡಿ ಉಬ್ಬು, ಅದು ಪೀಪಿ. ಕಲಿಸಲು ಒಂದು ಚಳಿಗಾಲ ಪೂರ್ತಿ ಹಿಡಿಯಿತು. ತಪ್ಪು ಗುಂಡಿ ಒತ್ತಿದರೆ ಅಮ್ಮ ಅವನ ಬೆರಳ ಮೇಲೆ ಪಟ್ಟನೆ ಹೊಡೆಯುತ್ತಿದ್ದಳು, ಅವನು ಬಯ್ಯುತ್ತಿದ್ದ, ಇಬ್ಬರೂ ನಗುತ್ತಿದ್ದರು. ಆಮೇಲೆ ಅಮ್ಮ ಒಂದು ವಾರದ ಜ್ವರಕ್ಕೆ ಹೋಗಿಬಿಟ್ಟಳು. ಅವಳ ಕೈಯಲ್ಲಿದ್ದದ್ದು ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಯವರು ಕೊಟ್ಟಿದ್ದ ಫೋನು. ಅದನ್ನು ಅವರು ವಾಪಸು ಪಡೆದು ಆ ನಂಬರನ್ನೇ ತೆಗೆದುಹಾಕಿದರು. ಎರಡನೇ ಗುಂಡಿಯನ್ನು ಅಪ್ಪ ಈಗ ಒತ್ತುವುದಿಲ್ಲ ಎಂದು ಪೀಪಿ ನಂಬಿದ್ದಳು.

ಅಪ್ಪನ ಫೋನು ಕೊಟ್ಟ ಕಂಪನಿ ಹಿಂದಿನ ಬೀದಿಯ ಕಟ್ಟಡದ ಮೇಲಿದ್ದ ತನ್ನ ಟವರನ್ನು ಕಟ್ಟಡದ ಮಾಲೀಕನ ಜೊತೆ ಜಗಳವಾಡಿ ಬಿಚ್ಚಿಕೊಂಡು ಹೋಗಿತ್ತು. ಅಂದಿನಿಂದ ಮನೆಯೊಳಗೆ ಅದರ ಸಿಗ್ನಲ್ ಸತ್ತಿತ್ತು. ಪೀಪಿಯ ಫೋನು ಬೇರೆ ಕಂಪನಿಯದು, ಅದರ ಸಿಗ್ನಲ್ ಮನೆ ತುಂಬ ಇತ್ತು. ಹಾಗಾದರೆ ಆ ಕಂಪನಿಯ ಸಿಮ್ಮನ್ನೇ ಅಪ್ಪನ ಫೋನಿಗೆ ಹಾಕಿದರಾಯಿತು ಎಂದುಕೊಂಡು ಮಾರನೆಯ ದಿನ ಒಂದು ಹೊಸ ಸಿಮ್ ತಂದು ಹಾಕಿದಳು. ಫೋನು ಅದನ್ನು ಒಪ್ಪಲಿಲ್ಲ. ಬೀಗದ ಚಿತ್ರ ತೋರಿಸಿ, ಕೋಡ್ ಕೊಡಿ ಎಂದು ಕೇಳಿತು. ಬೇರೆಯವರ ಸಿಮ್ ನಡೆಯದಂತೆ ಕಂಪನಿ ಅದಕ್ಕೆ ಬೀಗ ಹಾಕಿತ್ತು.

ಬೇರೆ ಫೋನು ಕೊಂಡುಕೊಟ್ಟು ನೋಡಿದಳು. ಅದರ ಗುಂಡಿಗಳ ಮೇಲೆ ಅಮ್ಮ ಮಾಡಿದಂತೆಯೇ ಉಗುರುಬಣ್ಣ ಇಟ್ಟಳು. ಅಪ್ಪ ಒಮ್ಮೆ ಬೆರಳಾಡಿಸಿ, ಯಾವ ಕೆಲಸಗೇಡಿ ಮಾಡಿದ್ದು ಇದನ್ನ ಎಂದು ಕೇಳಿದ. ಆಮೇಲೆ ಕೂತಲ್ಲೇ ಆ ಹನಿಗಳನ್ನು ಒಂದೊಂದಾಗಿ ಉಗುರಿನಿಂದ ಕೆರೆದು ತೆಗೆದ. ನಾಲ್ಕು ದಿನ ಅಭ್ಯಾಸ ಮಾಡಿಸಿದ್ದಕ್ಕೆ ಅವನು ಎರಡು ಸಲ ಅಗ್ನಿಶಾಮಕ ದಳಕ್ಕೆ ಫೋನು ಮಾಡಿದ. ಹಠಮಾರಿತನ ಎಷ್ಟು, ಕೈಲಾಗದ್ದು ಎಷ್ಟು ಎಂದು ಪೀಪಿ ಬೇರ್ಪಡಿಸಿ ನೋಡಲು ಹೋಗಲಿಲ್ಲ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದಿನವಿಡೀ ಇರಬೇಕು. ಇವನು ಮೂರನೇ ಮಹಡಿಯ ಮನೆಯಲ್ಲಿ ಒಬ್ಬನೇ ಇರಬೇಕು. ಮುಂದಿನ ಸಲ ಬಿದ್ದಾಗ ತಲೆ ಮೊದಲು ಬೀಳಬಹುದು. ಅವನ ಬೆರಳಿಗೆ ಗೊತ್ತಿರುವ ಫೋನು ಅದೊಂದೇ. ಅದರ ಬೀಗ ತೆಗೆಸಬೇಕು, ಅಷ್ಟೇ.

ಆಸ್ಪತ್ರೆಯ ಗೇಟಿನ ಎದುರು ಫೋನ್ ರಿಪೇರಿ ಮಾಡುವವನೊಬ್ಬನಿದ್ದ. ಅವನು ಫೋನನ್ನು ತಿರುಗಿಸಿ ನೋಡಿ, ನಾನು ಬಿಚ್ಚಿಕೊಡಬಲ್ಲೆ, ಆದರೆ ಹಳೇ ಮಾಲು, ಕೈ ಹಾಕಿದಾಗ ಗೊಟಕ್ ಅಂದರೆ ನನ್ನನ್ನು ಕೇಳಬೇಡಿ ಎಂದ. ಪೀಪಿ ಫೋನನ್ನು ಕಿತ್ತುಕೊಂಡಳು. ಅವನು ನಕ್ಕು, ಕಂತು ತೀರಿದೆಯೇ ಎಂದು ಕೇಳಿದ. ಯಾವತ್ತೋ ತೀರಿದೆ ಎಂದಳು. ಹಾಗಿದ್ದರೆ ಕಂಪನಿಯೇ ಬಿಟ್ಟಿಯಾಗಿ ತೆಗೆದುಕೊಡಬೇಕು, ಈಗ ಕಾನೂನೇ ಇದೆ, ಗ್ರಾಹಕರ ಹಕ್ಕು, ಹೋಗಿ ಜಬರ್ದಸ್ತಾಗಿ ಕೇಳಿ ಎಂದು ಹೇಳಿಕಳಿಸಿದ.

ಕಂಪನಿಯ ಅಂಗಡಿಯಲ್ಲಿ ಗಾಜಿನ ಮೇಲೆ ಆ ಕಾನೂನನ್ನು ಅಚ್ಚು ಹಾಕಿಸಿ ಅಂಟಿಸಿದ್ದರು. ಕೌಂಟರಿನವನು ಒಳ್ಳೆಯವನೇ. ಅಮ್ಮನ ಖಾತೆ ತೆಗೆದು ನೋಡಿ, ಎಲ್ಲ ಸರಿಯಿದೆ, ಬೀಗ ತೆಗೆಯಲು ಅಡ್ಡಿ ಇಲ್ಲ ಎಂದ.

"ಗ್ರಾಹಕರು ಒಂದು ಮಾತು ಕೇಳಿದ್ರೆ ಸಾಕು ಮೇಡಂ."

"ಅವರು ತೀರಿಕೊಂಡಿದ್ದಾರೆ."

"ಹಾಗಾದ್ರೆ ಮರಣಪತ್ರ ಕೊಡಿ. ಖಾತೆ ಮುಚ್ತೀವಿ."

"ಮುಚ್ಚಿದ ಮೇಲೆ ಬೀಗ ತೆಗೀತೀರಾ?"

"ಮುಚ್ಚಿದ ಖಾತೆಗೆ ಗ್ರಾಹಕರೇ ಇರಲ್ಲ. ಕೇಳೋರು ಯಾರು?"

ನನ್ನ ಹೆಸರಿಗೆ ಬದಲಾಯಿಸಿ ಎಂದಳು. ಅದಕ್ಕೂ ಖಾತೆದಾರರ ಒಪ್ಪಿಗೆ ಬೇಕು ಎಂದ. ಸತ್ತವರಿಗೆ ಹಕ್ಕು ಇದೆ, ಬಾಯಿ ಇಲ್ಲ. ನನಗೆ ಬಾಯಿ ಇದೆ, ಹಕ್ಕು ಇಲ್ಲ, ಹೀಗೋ ನಿಮ್ಮ ಲೆಕ್ಕ ಎಂದು ಪೀಪಿ ಕೇಳಿದಳು. ಅವನು ಅದನ್ನು ಯೋಚಿಸಿ, ಹೆಚ್ಚುಕಮ್ಮಿ ಹಾಗೇ ಎಂದು ಒಪ್ಪಿಕೊಂಡ. ಅವಳು ಎದ್ದಾಗ ಪರದೆಯಿಂದ ಕಣ್ಣು ತೆಗೆಯದೆ ತಗ್ಗಿದ ದನಿಯಲ್ಲಿ ಹೇಳಿದ:

"ನೀವೀಗ ಹೇಳಿದ್ದು ನಂಗೆ ಕೇಳಿಸಲಿಲ್ಲ ಅಂತಿಟ್ಕೊಳ್ಳಿ. ನಮ್ಮ ಸಿಸ್ಟಮ್ಮಲ್ಲಿ ನಿಮ್ಮ ತಾಯಿ ಇನ್ನೂ ಇದ್ದಾರೆ. ಅವರ ಧ್ವನಿ ನಮ್ಮಲ್ಲಿದೆ. ಫೋನ್ ಕೊಂಡಾಗ ಗುರುತಿಗೆ ರೆಕಾರ್ಡ್ ಮಾಡ್ಕೊಂಡಿದ್ದು. ಅವರೇ ಸಹಾಯವಾಣಿಗೆ ಫೋನ್ ಮಾಡಿದ್ರೆ, ಕೆಲಸ ಆಗುತ್ತೆ."

ಅವರ ಧ್ವನಿ ನಮ್ಮಲ್ಲಿದೆ. ಬಸ್ಸಿನಲ್ಲಿ ಅದೊಂದೇ ಮಾತು ಅವಳ ತಲೆಯಲ್ಲಿ ಸುತ್ತುತ್ತಿತ್ತು. ಮನೆಯಲ್ಲಿ ಅಮ್ಮನ ಧ್ವನಿ ಎಲ್ಲೂ ಇರಲಿಲ್ಲ. ಫೋಟೋಗಳಿದ್ದವು, ಸೀರೆಗಳಿದ್ದವು, ಸವೆದ ಚಪ್ಪಲಿ ಕೂಡ ಬಾಗಿಲ ಹಿಂದೆ ಇತ್ತು. ಅವಳು ಮಾತಾಡಿದ್ದನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಹಿಡಿದಿಡುವ ಅಗತ್ಯವಿದೆ ಎಂದು ಯಾರಿಗೂ ಅನ್ನಿಸದಷ್ಟು ಅವಳು ಮಾತಾಡುತ್ತಿದ್ದಳು.

ಆ ಸಂಜೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಸಹಾಯವಾಣಿಗೆ ಫೋನು ಮಾಡಿದಳು. ಯಂತ್ರದ ಹೆಂಗಸು ಅಮ್ಮನ ಖಾತೆಯ ಸಂಖ್ಯೆ ಪಡೆದು, ಅಮ್ಮನ ಹೆಸರು ಹಿಡಿದು ನಮಸ್ಕಾರ ಹೇಳಿದಳು. ಗುರುತಿನ ವಾಕ್ಯವನ್ನು ಹೇಳಿ ಎಂದಳು. ಆ ವಾಕ್ಯವನ್ನು ಮೊದಲು ತಾನೇ ಓದಿ ಕೇಳಿಸಿದಳು: ಮಾತಾಡುತ್ತಿರುವುದು ನಾನೇ, ಇದು ನನ್ನದೇ ಧ್ವನಿ.

ಪೀಪಿ ಹೇಳಿದಳು. ಕ್ಷಮಿಸಿ, ಧ್ವನಿ ಹೊಂದಿಕೆಯಾಗುತ್ತಿಲ್ಲ ಎಂದಿತು ಯಂತ್ರ. ನೀವು ಖಾತೆದಾರರಲ್ಲದಿದ್ದರೆ ದಯವಿಟ್ಟು ಖಾತೆದಾರರನ್ನು ಕರೆಯಿರಿ.

ಅವಳಿಗೆ ಪೀಪಿ ಎಂದು ಹೆಸರಿಟ್ಟವಳೇ ಅಮ್ಮ. ಹುಟ್ಟಿದಾಗಿನಿಂದ ತೆಳ್ಳಗಿನ, ಚೂಪು ದನಿ. ಅತ್ತರೆ ಜಾತ್ರೆಯಲ್ಲಿ ಮಕ್ಕಳು ಊದುವ ಪೀಪಿಯಂತೆ ಕೇಳುತ್ತಿತ್ತಂತೆ. ಅಮ್ಮನದು ಅದಕ್ಕೆ ತದ್ವಿರುದ್ಧ. ಅವಳು ಪೀಪಿಯ ಆಸ್ಪತ್ರೆಯಲ್ಲೇ ಹೊರರೋಗಿಗಳು ಕಾಯುವ ಹಾಲಿನಲ್ಲಿ ಸರದಿ ಕೂಗುತ್ತಿದ್ದಳು. ಮಕ್ಕಳ ಅಳು, ಕೆಮ್ಮು, ಗಲಾಟೆ ಎಲ್ಲದರ ಮೇಲೆ ಹಾಸಿಬಿಡುವಂಥ ಅಗಲ ದನಿ. ಹೊಟ್ಟೆಯಿಂದ ಬರುತ್ತಿತ್ತು. ಪ್ರತಿ ಮಾತಿನ ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು, ತುಂಬಿದ ಬಿಂದಿಗೆ ಕೆಳಗಿಟ್ಟ ಹಾಗೆ ಭಾರವಾಗಿ ಇಳಿಸುತ್ತಿದ್ದಳು. ಬೆಳಗ್ಗೆ ಎಬ್ಬಿಸಿದರೂ ಹಾಗೇ, ಉಪ್ಪು ಸಾಕೇ ಎಂದು ಕೇಳಿದರೂ ಹಾಗೇ.

ಪೀಪಿ ಅಭ್ಯಾಸಕ್ಕೆ ಇಳಿದಳು. ಮೊದಮೊದಲು ಅಣಕದಂತಿತ್ತು, ಅವಳಿಗೇ ನಗು ಬಂತು. ಯಂತ್ರ ಒಂದು ದಿನಕ್ಕೆ ಎರಡು ಮೂರು ಸಲ ಕೇಳಿ, ನಾಳೆ ಪ್ರಯತ್ನಿಸಿ ಎಂದು ಮುಖಕ್ಕೆ ಹೊಡೆದಂತೆ ಫೋನು ಇಡುತ್ತಿತ್ತು. ಅವಳು ಅಮ್ಮನ ಕೆಲಸಗಳನ್ನು ಅಮ್ಮನಂತೆ ಮಾಡುತ್ತಾ ಹೇಳಿ ನೋಡಿದಳು: ಪಾತ್ರೆ ಉಜ್ಜುತ್ತಾ, ಸೊಂಟಕ್ಕೆ ಕೈ ಕೊಟ್ಟು, ಬಾಗಿಲಿಗೆ ಒರಗಿ. ಅಮ್ಮ ಮಾತು ಶುರುಮಾಡುವ ಮುಂಚೆ ಮೂಗಿನಿಂದ ಚಿಕ್ಕದೊಂದು ಉಸಿರು ಬಿಡುತ್ತಿದ್ದಳು. ಆ ಉಸಿರು ನೆನಪಾದ ದಿನ ಮಿಕ್ಕದ್ದೆಲ್ಲ ಅದರ ಹಿಂದೆಯೇ ಬಂತು. ಯಾರೋ ಒಳಗಿನ ಕೋಣೆಯಿಂದ ಎದ್ದು ಬಂದ ಹಾಗೆ.

"ಮಾತಾಡುತ್ತಿರುವುದು ನಾನೇ, ಇದು ನನ್ನದೇ ಧ್ವನಿ."

ಕೊನೆಯ ಅಕ್ಷರ ಭಾರವಾಗಿ ಇಳಿಯಿತು. ಪೀಪಿ ತಟಕ್ಕನೆ ನಲ್ಲಿ ನಿಲ್ಲಿಸಿ ಹಿಂದೆ ನೋಡಿದಳು. ಯಾರಿರುತ್ತಾರೆ? ಆದರೂ ನೋಡಿದಳು.  ಅಡುಗೆಮನೆಗೂ ಅಪ್ಪನ ಕೋಣೆಗೂ ನಡುವೆ ಇದ್ದದ್ದು ಒಂದು ತೆಳುಗೋಡೆ. ಅದರಾಚೆ ಮಂಚ ಕಿರ್ ಅಂದಿತು.

"ನೀನೇ ಅಂತ ಗೊತ್ತು ಕಣೇ," ಅಂದ ಅಪ್ಪ ಆ ಕಡೆಯಿಂದ. "ಒಳಗೆ ಬಾ."

ಅವಳು ಒಲೆಯ ಮೇಲೆ ನೀರಿಟ್ಟಳು. ಬಹಳ ಹೊತ್ತಿನ ಮೇಲೆ ಚಹಾ ಮಾಡಿಕೊಂಡು ಒಳಗೆ ಹೋದಾಗ ಅಪ್ಪ ಮಂಚದ ಮೇಲೆ ಎದ್ದು ಕೂತಿದ್ದ. ಬಾಗಿಲ ಕಡೆ ಮುಖ ಮಾಡಿ ಕೂದಲು ಬಾಚಿಕೊಂಡಿದ್ದ. ಚಹಾ ತಂದವಳು ಮಗಳೆಂದು ಹೆಜ್ಜೆಯಲ್ಲೇ ತಿಳಿದಾಗ ಮುಖವನ್ನು ಕಿಟಕಿ ಕಡೆ ತಿರುಗಿಸಿದ.

ಯಂತ್ರ ಮಾತ್ರ ಒಪ್ಪಲಿಲ್ಲ.

ಅದೇ ಅವಳಿಗೆ ಸೋಜಿಗ. ಮೇಲಿನ ಮನೆಯಾಕೆ ಒಂದು ಬೆಳಗ್ಗೆ ಮೆಟ್ಟಿಲಿಳಿದು ಬಂದು, ಬಾಗಿಲ ಹೊರಗೇ ನಿಂತು, ನಿಮ್ಮಮ್ಮನ ಮಾತು ಕೇಳಿದ ಹಾಗಾಯಿತು, ನನಗೇನಾದರೂ ಜ್ವರ ಬಂದಿದೆಯೋ ನೋಡು ಎಂದು ಹಣೆ ಮುಂದೊಡ್ಡಿದಳು. ಹಾಲು ಕೊಡುವವನು ಪೀಪಿಯ ಬಾಯಿಂದ ನಾಳೆ ಬೇಡಪ್ಪಾ ಎಂಬ ಮಾತು ಕೇಳಿ ಕ್ಯಾನು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಅದನ್ನು ಅವಳು ಬೇಕೆಂದು ಹೇಳಿದ್ದಲ್ಲ. ಅಮ್ಮನನ್ನು ಕಂಡವರೆಲ್ಲ ನಂಬಿದರು, ಕಾಣದ ಯಂತ್ರ ನಂಬಲಿಲ್ಲ. ಹೊಂದಿಕೆಯಾಗುತ್ತಿಲ್ಲ, ಖಾತೆದಾರರನ್ನು ಕರೆಯಿರಿ. ಅಮ್ಮನಲ್ಲಿ ತನಗೆ ಸಿಗದ್ದು ಇನ್ನೂ ಏನೋ ಇದೆ, ಅದನ್ನು ಆ ಯಂತ್ರ ಮಾತ್ರ ಬಲ್ಲದು ಎಂದು ಪೀಪಿಗೆ ಅನ್ನಿಸತೊಡಗಿತು. ಹುಡುಕಿದಳು. ಅಮ್ಮ ಸಿಟ್ಟಾದಾಗ ಹೇಗೆ, ಸುಸ್ತಾದಾಗ ಹೇಗೆ, ಹೊದಿಕೆಯೊಳಗಿಂದ ಅಪ್ಪನ ಜೊತೆ ಪಿಸುಗುಟ್ಟುವಾಗ ಹೇಗೆ. ಕೊನೆಯ ದಿನ, ಬಾಯಿ ಒಣಗಿ, ನೀರು ಎಂದದ್ದು ಹೇಗೆ. ಅದನ್ನೂ ಬಿಡಲಿಲ್ಲ. ಆ ಸ್ವರದಲ್ಲೂ ಇದು ನನ್ನದೇ ಧ್ವನಿ ಎಂದು ಹೇಳಿ ನೋಡಿದಳು. ಹೇಳಿ, ಸಿಂಕಿನ ಅಂಚು ಹಿಡಿದು ನಿಂತುಬಿಟ್ಟಳು.

ಅಪ್ಪ ಬದಲಾಗಿದ್ದ. ದಿನಾ ಮುಖ ಕ್ಷೌರ ಮಾಡಿಕೊಳ್ಳುತ್ತಿದ್ದ. ಸಂಜೆಯಾದರೆ ಕುರ್ಚಿಯನ್ನು ಆ ಗೋಡೆಗೆ ತಾಗಿಸಿ ಹಾಕಿಕೊಂಡು ಕೂರುತ್ತಿದ್ದ. ಅವಳು ವಾಕ್ಯ ಹೇಳಿದರೆ ಅವನು ಆ ಕಡೆಯಿಂದ ಏನಾದರೊಂದು ಅನ್ನುತ್ತಿದ್ದ. ಇವತ್ತು ಮಂಡಿ ನೋವು ಕಡಿಮೆ ಎನ್ನುತ್ತಿದ್ದ. ಕಿಟಕಿ ಹತ್ತಿರ ಪಾರಿವಾಳ ಗೂಡು ಕಟ್ಟುತ್ತಿದೆ, ಸದ್ದು ಕೇಳುತ್ತೆ ಎನ್ನುತ್ತಿದ್ದ. ಮಗಳ ಜೊತೆ ಅವನು ಹಾಗೆಲ್ಲ ಮಾತಾಡಿದವನಲ್ಲ. ಅವಳು ಉತ್ತರ ಕೊಡುತ್ತಿರಲಿಲ್ಲ. ಅವಳಿಗೆ ಇದ್ದದ್ದು ಒಂದು ವಾಕ್ಯ, ಅದರಾಚೆ ಹೋಗಬಾರದು ಎಂದು ತನಗೆ ತಾನೇ ಗೆರೆ ಎಳೆದುಕೊಂಡಿದ್ದಳು.

ಚಿಕ್ಕಮ್ಮ ಬಂದದ್ದು ಒಂದು ಭಾನುವಾರ ಬೆಳಗ್ಗೆ. ಅಮ್ಮನಿಗಿಂತ ಚಿಕ್ಕವಳು, ಊರಾಚೆಯ ಗಾಜಿನ ಕಾರ್ಖಾನೆಯಲ್ಲಿ ಕೆಲಸ, ಬಾಯಿ ಜೋರು, ಮನಸ್ಸು ಮೆತ್ತಗೆ. ಬಾಗಿಲು ಅರ್ಧ ತೆರೆದಿತ್ತು. ಪೀಪಿ ಒಳಗೆ ವಾಕ್ಯ ಹೇಳುತ್ತಿದ್ದಳು. ಹೊರಗೆ ಧಡ್ ಎಂದು ಚೀಲ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಚಿಕ್ಕಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು, ಮುಖ ಬಿಳಿಚಿಕೊಂಡಿತ್ತು. ಚೀಲದ ಸೇಬುಗಳು ಒಂದೊಂದೇ ಮೆಟ್ಟಿಲಿಳಿದು ಹೋಗುತ್ತಿದ್ದವು.

"ಯಾರೇ ಒಳಗೆ?"

"ನಾನೇ ಚಿಕ್ಕಮ್ಮಾ."

ಚಿಕ್ಕಮ್ಮ ಎದ್ದು ಬಂದು ಬೆನ್ನಿಗೊಂದು ಬಲವಾಗಿ ಗುದ್ದಿದಳು. ಇಂಥಾ ಆಟ ಯಾರಾದರೂ ಆಡುತ್ತಾರೇನೇ ದರಿದ್ರದವಳೇ ಎಂದಳು. ಗದ್ದಲ ಕೇಳಿ ಅಪ್ಪ ಕೋಣೆಯಿಂದಲೇ ಮಾತಾಡಿಸಿದ:

"ಬಾಮ್ಮ. ನಿಮ್ಮಕ್ಕ ಅಡುಗೆಮನೇಲಿದ್ದಾಳೆ. ಮಾತಾಡ್ಸು."

ತಮಾಷೆಗೆ ಹೇಳಿದನೋ ಏನೋ, ಅವನ ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ಚಿಕ್ಕಮ್ಮ ಪೀಪಿಯ ಕೈ ಹಿಡಿದು ತಾರಸಿಗೆ ಎಳೆದುಕೊಂಡು ಹೋದಳು. ಒಣಹಾಕಿದ ಬಟ್ಟೆಗಳ ಮಧ್ಯೆ ನಿಲ್ಲಿಸಿ, ಏನು ನಡೆಯುತ್ತಿದೆ ಈ ಮನೆಯಲ್ಲಿ ಎಂದು ಕೇಳಿದಳು. ಪೀಪಿ ಅವಳಿಗೆ ಅಪ್ಪ ಬಿದ್ದದ್ದು, ಬೀಗ, ಕೌಂಟರಿನವನು, ಯಂತ್ರ ಎಲ್ಲ ಹೇಳಿದಳು. ಎಷ್ಟು ಸರಿಯಾಗಿ ಹೇಳಿದರೂ ಯಂತ್ರ ಒಪ್ಪುತ್ತಿಲ್ಲ, ಫೋನು ಕೊಂಡ ದಿನ ಅಮ್ಮ ಆ ವಾಕ್ಯ ಹೇಗೆ ಹೇಳಿದ್ದಳೋ ಗೊತ್ತಾದರೆ ಸಾಕು, ನೀನೂ ಜೊತೆಗಿದ್ದೆಯಲ್ಲ, ನೆನಪಿದ್ದರೆ ಹೇಳು ಎಂದಳು.

ಚಿಕ್ಕಮ್ಮ ಅವಳನ್ನೇ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಬಟ್ಟೆಯ ಹಗ್ಗ ಹಿಡಿದುಕೊಂಡು, ಬಗ್ಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನೀರು ಎಲ್ಲಿ ನಗುವಿನದಾಗಿರುವುದನ್ನು ನಿಲ್ಲಿಸಿತೋ ಪೀಪಿಗೆ ತಿಳಿಯಲಿಲ್ಲ.

"ಆವತ್ತು ನಿಮ್ಮಮ್ಮ ದವಡೆ ಹಲ್ಲು ಕೀಳಿಸ್ಕೊಂಡು ಬಂದಿದ್ದಳು ಕಣೇ. ಬಾಯ್ತುಂಬ ಹತ್ತಿ. ಮತ್ಯಾರು ಇನ್ನೊಂದು ಸಲ ಬರ್ತಾರೆ ಅಂತ ಹಾಗೇ ಫೋನ್ ಅಂಗಡಿಗೂ ಹೋದ್ವಿ. ಅಂಗಡಿಯವನು ಹೇಳಮ್ಮ, ಹೇಳಮ್ಮ ಅಂತ ಜೀವ ತಿಂದ. ಅವಳು ಫೋನ್ ತಗೊಂಡು ನನ್ನ ಕೈಗೆ ತುರುಕಿದಳು. ಆ ಮಾತು ಹೇಳಿದ್ದು ನಾನು."

"ನೀನಾ?"

"ನಾನೇ. ಆಚೆ ಬಂದ ಮೇಲೆ ಕೇಳಿದೆ, ಇದು ಸರಿಯೇನೇ ಅಂತ. ಹತ್ತಿ ಉಗುಳಿ ಅಂದಳು, ಯಾರು ಹೇಳಿದ್ರೇನು, ಅದೇನು ಮನುಷ್ಯನಾ ಗೊತ್ತಾಗೋಕೆ."

ಅಂದರೆ ಅಮ್ಮನ ಧ್ವನಿ ಅಲ್ಲೂ ಇರಲಿಲ್ಲ. ಎಲ್ಲೂ ಇರಲಿಲ್ಲ. ಕಂಪನಿಯ ದೊಡ್ಡ ಗೋದಾಮಿನಲ್ಲೆಲ್ಲೋ ಅಮ್ಮನ ಹೆಸರಿನ ಕೆಳಗೆ ಚಿಕ್ಕಮ್ಮ ಕೂತಿದ್ದಳು. ಇಷ್ಟು ದಿನ ತಾನು ಯಾರಿಗೋ ಹೋಲಿಸಲು ಅಮ್ಮನನ್ನು ಎಳೆತಂದು ಆ ಯಂತ್ರದ ಮುಂದೆ ನಿಲ್ಲಿಸಿದ್ದಳು. ಯಂತ್ರ ಸರಿಯಾಗಿಯೇ ಹೇಳಿತ್ತು: ಇವಳು ಅವಳಲ್ಲ.

ಕೆಳಗೆ ಬಂದು ಫೋನು ಮಾಡಿದರು. ಚಿಕ್ಕಮ್ಮ ಗಂಟಲು ಸರಿಮಾಡಿಕೊಂಡು, ಪೊಲೀಸರ ಮುಂದೆ ನಿಂತವಳಂತೆ ಸೆಟೆದು, ತನ್ನ ಒಡಕು ದನಿಯಲ್ಲಿ ಆ ವಾಕ್ಯ ಹೇಳಿದಳು. ಧನ್ಯವಾದಗಳು, ನಿಮ್ಮನ್ನು ಗುರುತಿಸಿದ್ದೇವೆ ಎಂದಿತು ಯಂತ್ರ ತಕ್ಷಣ, ಅಮ್ಮನ ಹೆಸರು ಹಿಡಿದು. ಬೀಗ ತೆಗೆಯುವ ಕೋರಿಕೆಯನ್ನು ಒಪ್ಪಿಕೊಂಡು ಒಂದು ಉದ್ದನೆಯ ಸಂಖ್ಯೆ ಓದಿತು. ಪೀಪಿ ಅಂಗೈ ಮೇಲೆ ಬರೆದುಕೊಂಡಳು. ನಮ್ಮೊಂದಿಗೆ ಇದ್ದದ್ದಕ್ಕೆ ಸಂತೋಷ ಎಂದು ಹೇಳಿ ಯಂತ್ರ ಹೋಯಿತು.

ಚಿಕ್ಕಮ್ಮ ಹೊರಡುವಾಗ ಸೆರಗಿನಿಂದ ಮುಖ ಒರೆಸಿಕೊಂಡು ಒಂದೇ ಮಾತು ಹೇಳಿದಳು.

"ಕೆಲಸ ಆಯ್ತಲ್ಲ. ಇನ್ನು ಅವಳನ್ನ ಬಿಟ್ಟುಬಿಡು ಪೀಪಿ."

ಆಯ್ತು ಎಂದಳು ಪೀಪಿ. ಮನಸಾರೆಯೇ ಹೇಳಿದಳು.

ಬೀಗ ಬಿಟ್ಟ ಫೋನಿಗೆ ಹೊಸ ಸಿಮ್ ಹಾಕಿದಾಗ ಸಿಗ್ನಲ್ಲಿನ ಗೀಟುಗಳು ಸರಸರ ಏರಿದವು. ಗುಂಡಿಗಳಿಗೆ ಮತ್ತೆ ನಂಬರು ಕೂರಿಸಬೇಕಿತ್ತು. ಮೂರಕ್ಕೆ ತನ್ನ ನಂಬರು ಹಾಕಿದಳು. ಎರಡಕ್ಕೆ ಏನು ಹಾಕುವುದು? ಖಾಲಿ ಬಿಟ್ಟರೆ, ಇನ್ನೊಮ್ಮೆ ಬಿದ್ದಾಗ ಗಾಬರಿಯಲ್ಲಿ ಅವನ ಬೆರಳು ಅದರ ಮೇಲೇ ಹೋದರೆ, ಮತ್ತೆ ಅದೇ ಕುಂಯ್. ಹಾಗಾಗಬಾರದೆಂದು ಎರಡಕ್ಕೂ ತನ್ನದೇ ನಂಬರು ಹಾಕಿದಳು. ಎರಡಾಗಲಿ, ಮೂರಾಗಲಿ, ಒತ್ತು, ನಾನೇ ಎತ್ತುತ್ತೇನೆ ಎಂದು ಅವನಿಗೆ ಹೇಳಿದಳು. ಅಪ್ಪ ಫೋನನ್ನು ಅಂಗೈಯಲ್ಲಿ ತೂಗಿ, ಉಬ್ಬುಗಳ ಮೇಲೆ ಹೆಬ್ಬೆರಳಾಡಿಸಿ, ಹೂಂ ಅಂದ.

ಅಲ್ಲಿಂದ ಮನೆ ಸುಮ್ಮನಾಯಿತು. ಪೀಪಿ ಅಡುಗೆಮನೆಯಲ್ಲಿ ಬಾಯಿ ಬಿಡಲಿಲ್ಲ. ಪಾತ್ರೆ ಉಜ್ಜುವಾಗ ನಲ್ಲಿಯನ್ನೂ ಸಣ್ಣಗೆ ಬಿಟ್ಟಳು. ಆ ಕಡೆ ಕುರ್ಚಿ ಗೋಡೆಗೆ ತಾಗುವ ಸದ್ದು ಸಂಜೆ ಸಂಜೆಯೂ ಕೇಳುತ್ತಿತ್ತು. ಅಪ್ಪ ಕಾಯುತ್ತಿದ್ದ. ಒಂದು ದಿನ ಪಾರಿವಾಳ ಮರಿ ಮಾಡಿದೆ ಎಂದು ಗೋಡೆಗೆ ಹೇಳಿದ. ಉತ್ತರ ಬರಲಿಲ್ಲ. ಮಾರನೆಯ ದಿನದಿಂದ ಕ್ಷೌರ ಬಿಟ್ಟ. ತಟ್ಟೆಯಲ್ಲಿ ಅರ್ಧ ಉಳಿಸಿದ. ಯಾಕಪ್ಪ ಎಂದರೆ ಹಸಿವಿಲ್ಲ ಅಂದ. ಮಾತಾಡು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಬಯ್ಯಬಹುದಿತ್ತು.

ಅವಳಿಗೂ ಒಂದು ತೊಡಕು ಶುರುವಾಗಿತ್ತು, ಯಾರಿಗೂ ಹೇಳಲಿಲ್ಲ. ಬೆಳಗ್ಗೆ ಎದ್ದು ಮೊದಲ ಮಾತಾಡುವ ಮುಂಚೆ ಮೂಗಿನಿಂದ ಆ ಚಿಕ್ಕ ಉಸಿರು ತಾನಾಗಿ ಹೋಗುತ್ತಿತ್ತು. ಅದು ಹೋದ ಮೇಲೆ ಬರುವುದೇನೆಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಕೆಮ್ಮುತ್ತಿದ್ದಳು. ಗಂಟಲನ್ನು ಬಿಗಿಮಾಡಿ, ಮೇಲೆತ್ತಿ, ತನ್ನ ತೆಳು ದನಿಯನ್ನು ಹುಡುಕಿ ತೆಗೆದು ಮಾತಾಡುತ್ತಿದ್ದಳು. ಅದು ಈಗ ಅವಳಿಗೇ ಯಾರನ್ನೋ ಅಣಕಿಸಿದ ಹಾಗೆ ಕೇಳುತ್ತಿತ್ತು.

ಆ ವಾರದ ಕೊನೆಯಲ್ಲಿ, ಬಟ್ಟೆಯ ವಿಭಾಗದಲ್ಲಿ ಮಧ್ಯಾಹ್ನದ ಹೊತ್ತು, ಅವಳ ಫೋನು ಹೊಡೆದುಕೊಂಡಿತು. ಒಗೆಯುವ ಯಂತ್ರಗಳು ನೀರು ಹೊರಹಾಕಿ ನಿಂತಿದ್ದವು. ಆಚೆ ಮೂಲೆಯಲ್ಲಿ ಬಾಯ್ಲರ್ ತಾತ ಹಬೆಯ ಇಸ್ತ್ರಿಗೆ ಹಾಸಿಗೆಬಟ್ಟೆಗಳನ್ನು ಕೊಡುತ್ತಿದ್ದ. ಅವನು ಈ ಆಸ್ಪತ್ರೆಯಲ್ಲೇ ಮುದುಕನಾದವನು. ಹೊರರೋಗಿಗಳ ಹಾಲಿನಿಂದ ಅಮ್ಮ ಕೂಗಿದರೆ ನನ್ನ ಹಬೆಯ ಸದ್ದೂ ಅಡಗುತ್ತಿತ್ತು ಎಂದು ಆಗಾಗ ಹೇಳಿ ನಗುತ್ತಿದ್ದ.

ಪರದೆಯ ಮೇಲೆ ಅಪ್ಪ ಎಂದಿತ್ತು. 

"ಅಪ್ಪಾ? ಬಿದ್ಯಾ?"

"ಇಲ್ಲ."

"ಗ್ಯಾಸ್ ಆರಿಸಿದ್ದೀಯಾ?"

"ಹೂಂ. ಎಲ್ಲ ಸರಿ ಇದೆ."

 ಅವನ ಉಸಿರು ಕೇಳುತ್ತಿತ್ತು, ಅದರ ಹಿಂದೆ ಪಾರಿವಾಳದ ಗುಟುರು. ಸರಿ ಹಾಗಾದರೆ, ಇಡಲೇ ಎಂದಳು ಪೀಪಿ.

"ಅವಳಿಗೆ ಕೊಡು."

"ಯಾರಿಗೆ?"

"ನಾನು ಒತ್ತಿದ್ದು ಎರಡು," ಅಂದ ಅಪ್ಪ.

ಪೀಪಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. ಒಣಹಾಕಿದ ಬಿಳಿ ಹಾಸಿಗೆಬಟ್ಟೆಗಳ ಸಾಲಿನೊಳಗೆ ಸರಿದು ನಿಂತಳು. ಅಪ್ಪಾ, ಅಮ್ಮ ಇಲ್ಲ ಅಂದಳು. ಸಣ್ಣ ದನಿಯಲ್ಲಿ, ಕಷ್ಟಪಟ್ಟು.

"ಗೊತ್ತು ಕಣೇ. ನಾನೇ ಅಲ್ವಾ ಕಣ್ಣು ಮುಚ್ಚಿಸಿದ್ದು? ನಾನೇನು ಹುಚ್ಚನಾ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಅಂಗಡಿಯಲ್ಲಿ ತೂಕ ಕಡಿಮೆಯಾದದ್ದನ್ನು ಹೇಳುವವನಂತೆ ಹೇಳಿದ. "ಕೊಡು ಅಂದೆ."

 ಕರೆ ಕತ್ತರಿಸಬಹುದಿತ್ತು. ಹೆಬ್ಬೆರಳು ಕೆಂಪು ಗುರುತಿನ ಮೇಲೇ ಇತ್ತು. ಸಂಜೆ ಹೋದರೆ ಅರ್ಧ ಉಂಡ ತಟ್ಟೆ ಇರುತ್ತೆ, ಕುರ್ಚಿ ಗೋಡೆಗೆ ತಾಗಿರುತ್ತೆ. ಆಮೇಲೆ ಒಂದು ದಿನ ಅವನು ಬೀಳುತ್ತಾನೆ. ಬಿದ್ದಾಗ ಯಾವ ಗುಂಡಿಯನ್ನೂ ಒತ್ತುವುದಿಲ್ಲ. ಅದು ಅವಳಿಗೆ ಕೈಯಲ್ಲಿ ಹಿಡಿದಷ್ಟು ಸ್ಪಷ್ಟವಾಗಿತ್ತು.

ಮೂಗಿನಿಂದ ಚಿಕ್ಕದೊಂದು ಉಸಿರು ಹೋಯಿತು.

"ಏನ್ರೀ," ಎಂದಳು. "ಊಟ ಯಾಕೆ ಬಿಟ್ಟಿದ್ದೀರಿ?"

ಆ ಕಡೆ ಕುರ್ಚಿ ಸದ್ದು ಮಾಡಿತು. ಅಪ್ಪ ಏನನ್ನೋ ಹೇಳಲು ಶುರುಮಾಡಿದ. ಪಾರಿವಾಳದ ಮರಿಗಳ ವಿಷಯ, ಮೇಲಿನ ಮನೆಯಾಕೆಯ ವಿಷಯ, ಮಂಡಿಯ ವಿಷಯ. ಮಗಳು ಸೊರಗಿದ್ದಾಳೆ, ಹೆಜ್ಜೆ ಭಾರವಾಗಿದೆ, ಸ್ವಲ್ಪ ವಿಚಾರಿಸಿಕೋ ಎಂದೂ ಹೇಳಿದ. ಅವಳು ಹೂಂ ಅನ್ನುತ್ತಾ ಹೋದಳು. ಬಯ್ಯಬೇಕಾದಲ್ಲಿ ಬಯ್ದಳು. ಮಾತುಗಳನ್ನು ಅವಳು ಹುಡುಕಬೇಕಾಗಲಿಲ್ಲ, ಅವು ಬರುತ್ತಿದ್ದವು, ತಾನೇ ಕೇಳಿಸಿಕೊಳ್ಳುತ್ತಾ ನಿಂತಿದ್ದಳು. ನಾಳೆ ಇದೇ ಹೊತ್ತಿಗೆ ಮಾಡುತ್ತೇನೆ ಎಂದು ಅಪ್ಪ ಫೋನಿಟ್ಟ.

ಬಟ್ಟೆಗಳ ಆಚೆಯಿಂದ ಬಾಯ್ಲರ್ ತಾತ ಕರೆದ. ಪೀಪಿ, ವಾರ್ಡಿನವರು ಕಾಯುತ್ತಿದ್ದಾರೆ, ಕಟ್ಟು ಕಟ್ಟಿದೆಯೇನಮ್ಮ ಎಂದು ಕೇಳಿದ.

"ಬಂದೆ ತಾತಾ, ಎರಡು ನಿಮಿಷ," ಎಂದಳು ಅವಳು. ಹೇಳುವ ಮುಂಚೆ ಕೆಮ್ಮಿದ್ದಳು, ಗಂಟಲನ್ನು ಬಿಗಿ ಮಾಡಿದ್ದಳು, ತನಗೆ ಗೊತ್ತಿದ್ದಷ್ಟು ಎಲ್ಲವನ್ನೂ ಮಾಡಿದ್ದಳು.

ಇಸ್ತ್ರಿಯ 'ಭುಸ್' ಸದ್ದು ನಿಂತಿತು. ಅವಳು ಬಟ್ಟೆ ಸರಿಸಿ ನೋಡಿದಳು. ತಾತ ಹಿಡಿಕೆ ಬಿಟ್ಟು, ನೆಟ್ಟಗೆ ನಿಂತು, ಅವಳ ಕಡೆ ಅಲ್ಲ, ಹೊರರೋಗಿಗಳ ಹಾಲಿಗೆ ಹೋಗುವ ಬಾಗಿಲ ಕಡೆ ನೋಡುತ್ತಿದ್ದ.